ಒಂದು ಹೆಸರಿಗೆ ನಾಲ್ಕು ಚಕ್ಕುಬಂದಿ: ಸ್ಕಾಟ್ಲೆಂಡಿನ ಹಿರಿಯರ ಮನೆ ಹುಡುಕುವ ಕ್ರಮ

ಸಿರ್ಸಿಯ ಬಸ್ ನಿಲ್ದಾಣದಲ್ಲಿ ಇಳಿದು ‘ಹೆಗಡೆಯವರ ಮನೆ ಎಲ್ಲಿ?’ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ‘ಯಾವ ಊರಿನ ಹೆಗಡೆಯವರು?’ ಎಂದು ತಿರುಗಿ ಕೇಳುತ್ತಾರೆ. ಊರಿನ ಹೆಸರು ಹೇಳಿದರೂ ಸಾಲದು; ಮೇಲಿನ ಮನೆಯೋ ಕೆಳಗಿನ ಕೇರಿಯೋ ಎಂಬುದು ಗೊತ್ತಾದ ಮೇಲೆಯೇ ರಿಕ್ಷಾ ಹೊರಡುತ್ತದೆ. ಸ್ಕಾಟ್ಲೆಂಡಿನ ಉತ್ತರದ ರಾಸ್‌ಶೈರ್ ಜಿಲ್ಲೆಯಲ್ಲಿ ‘ರಾಸ್’ ಎಂಬ ಅಡ್ಡಹೆಸರಿನ ಪಾಡೂ ಇಷ್ಟೇ. ಕೆಲವು ಕಣಿವೆಗಳಲ್ಲಿ ಮನೆ ಮನೆಗೂ ರಾಸ್. ಅಡ್ಡಹೆಸರನ್ನು ಕಂಪ್ಯೂಟರಿಗೆ ಕೊಟ್ಟು ಕೂತವರಿಗೆ ಸಾವಿರಾರು ರಾಸ್‌ಗಳು ಸಿಗುತ್ತಾರೆ, ತಮ್ಮವರು ಮಾತ್ರ ಸಿಗುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಅಡ್ಡಹೆಸರನ್ನು ಬದಿಗಿಟ್ಟು ನೆಲದ ಹೆಸರಿನಿಂದ ಆರಂಭಿಸುತ್ತೇನೆ.

ನಾನು ಇತಿಹಾಸಕಾರನಲ್ಲ. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ಜೊಯಿಡಾದ ಕಾಡಿನಿಂದ ಭಟ್ಕಳದ ಕಡಲಂಚಿನವರೆಗೆ ಸರಪಳಿ ಎಳೆದು, ಬಾಂದುಕಲ್ಲು ಹುಡುಕಿ, ಈಗ ನಿವೃತ್ತನಾಗಿ ಕಾರವಾರದ ಕೋಡಿಬಾಗದಲ್ಲಿ ಇದ್ದೇನೆ. ಸ್ಕಾಟ್ಲೆಂಡ್ ನನ್ನ ತಲೆಗೆ ಹತ್ತಿದ್ದು ಅಕ್ಕನ ಸೊಸೆಯಿಂದ. ಆಕೆ ಕೆನಡಾದ ಒಂಟಾರಿಯೊದವಳು. ಮದುವೆಗೆ ಬಂದ ನೆಂಟರೆಲ್ಲ ‘ನಿನ್ನ ಊರು ಯಾವುದು, ಮೂಲ ಮನೆ ಎಲ್ಲಿ?’ ಎಂದು ಕೇಳಿ ಕೇಳಿ ಆಕೆಗೇ ಕುತೂಹಲ ಹುಟ್ಟಿತು. ‘ಮಾವ, ನಮ್ಮ ಅಜ್ಜಿ ಒಂದು ಹೆಸರು ಹೇಳುತ್ತಿದ್ದಳು, ಅದು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ’ ಎಂದಳು. ಆ ಹೆಸರನ್ನು ನೆಲಕ್ಕೆ ಇಳಿಸುವ ಹೊತ್ತಿಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಡಿನ್‌ಬರೋ, ಅಬರ್ಡೀನ್ ಕಡೆ ಓದಲು, ಕೆಲಸಕ್ಕೆ ಹೋದ ನಮ್ಮ ಹುಡುಗರಿಗೂ, ಅಲ್ಲಿನ ಮನೆತನಗಳೊಂದಿಗೆ ಸಂಬಂಧ ಬೆಳೆಸಿದವರಿಗೂ ಉಪಯೋಗವಾದೀತು.

ಕಿವಿಗೆ ಬಿದ್ದಂತೆ ಬರೆದುಕೊಳ್ಳಿ

ಮೊದಲ ಕೆಲಸ, ಮನೆಯ ಹಿರಿಯರು ಹೆಸರನ್ನು ಹೇಗೆ ಉಚ್ಚರಿಸುತ್ತಾರೋ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು. ಇಂಗ್ಲಿಷ್ ಕಾಗುಣಿತವನ್ನು ಆಗಲೇ ಊಹಿಸಬೇಡಿ. ದೀರ್ಘ, ಹ್ರಸ್ವ, ಹಕಾರ, ಖಕಾರ ಎಲ್ಲವನ್ನೂ ಹಿಡಿಯುವ ಲಿಪಿ ನಮ್ಮದು, ಅದನ್ನು ಉಪಯೋಗಿಸಿಕೊಳ್ಳಿ. ಅಜ್ಜಿಯ ಹೆಸರು ಸೊಸೆಯ ಬಾಯಲ್ಲಿ ‘ಅಖ್ನಹ್ಯಾನಟ್’ ಎಂದು ಕೇಳಿಸಿತು. ಆಕೆಯ ಚಿಕ್ಕಪ್ಪನನ್ನು ಫೋನಿನಲ್ಲಿ ಕೇಳಿದಾಗ ‘ಆಕ್ನಹ್ಯಾನಿಟ್’. ಎರಡನ್ನೂ ಬರೆದಿಟ್ಟೆ. ಸ್ವರಗಳು ತಲೆಮಾರು ದಾಟುವಾಗ ಸವೆಯುತ್ತವೆ, ವ್ಯಂಜನಗಳು ಸುಲಭಕ್ಕೆ ಜಾಗ ಬಿಡುವುದಿಲ್ಲ. ಹುಡುಕಾಟ ನಿಲ್ಲಬೇಕಾದದ್ದು ಆ ವ್ಯಂಜನಗಳ ಸಾಲಿನ ಮೇಲೆ: ಖ, ನ, ಹ, ನ, ಟ.

ಇಂಗ್ಲಿಷ್ ಕಾಗುಣಿತ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಹೊನ್ನಾವರ ಅವರ ಕಾಗದಗಳಲ್ಲಿ ‘ಓನೋರ್’. ಕುಮಟೆಯಿಂದ ಹೋಗುತ್ತಿದ್ದ ಹತ್ತಿಗೆ ಪೇಟೆಯಲ್ಲಿ ‘ಕೂಂಪ್ಟಾ’ ಹತ್ತಿ ಎಂದೇ ಹೆಸರು. ಸೋಂದೆ ‘ಸೂಂಡಾ’, ಸದಾಶಿವಗಡ ‘ಸೆದಾಶೆಗರ್’. 1801ರಲ್ಲಿ ನಮ್ಮ ಕಡೆ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಭಟ್ಕಳವನ್ನು ‘ಬಟುಕುಲ್ಲ’ ಎಂದು ಬರೆದ. ಆತ ಸ್ವತಃ ಸ್ಕಾಟ್ಲೆಂಡಿನವನು, ಪರ್ತ್‌ಶೈರಿನ ಕ್ಯಾಲಂಡರ್ ಬಳಿಯ ಲೆನಿ ಎಂಬ ಜಾಗೀರಿನ ಮನೆತನದವನು. ನಮ್ಮ ಹೆಸರುಗಳಿಗೆ ಆತ ಮಾಡಿದ್ದನ್ನೇ ಅವನ ನಾಡಿನ ಗುಡ್ಡಗಾಡಿನ ನುಡಿಯಾದ ಗೇಲಿಕ್‌ನ ಹೆಸರುಗಳಿಗೆ ಇಂಗ್ಲಿಷ್ ಗುಮಾಸ್ತರು ಮಾಡಿದ್ದಾರೆ. ‘ಓನೋರ್’ ಅನ್ನು ಕಂಡ ಕೂಡಲೇ ಹೊನ್ನಾವರ ಎಂದು ಹೊಳೆಯುವ ಕಿವಿ ಇದ್ದವರಿಗೆ ಈ ಕೆಲಸ ಅರ್ಧ ಹಗುರ.

ಸ್ಕಾಟ್ಲೆಂಡಿಗೇ ವಿಶೇಷವಾದ ಕೆಲವು ಬಲೆಗಳಿವೆ. ಅಲ್ಲಿನ ಹಳೆಯ ಬರವಣಿಗೆಯಲ್ಲಿ ‘ಯೋಖ್’ ಎಂಬ ಒಂದು ಅಕ್ಷರವಿತ್ತು. ಅಚ್ಚುಮೊಳೆಯಲ್ಲಿ ಅದು ಇಲ್ಲದ್ದರಿಂದ ಮುದ್ರಕರು ಅದರ ಬದಲು ‘ಝಡ್’ ಹಾಕಿದರು. ಹಾಗಾಗಿ ಝಡ್ ಕಾಣುವ ಹೆಸರಿನಲ್ಲಿ ಝಕಾರ ಉಚ್ಚಾರವಾಗಬೇಕೆಂದಿಲ್ಲ. ‘ಕುಲ್ಝೀನ್’ ಎಂದು ಓದುವಂತೆ ಬರೆದಿರುವ ಕೋಟೆಯನ್ನು ಅಲ್ಲಿನವರು ‘ಕಲೇನ್’ ಎನ್ನುತ್ತಾರೆ; ‘ಮೆನ್ಝೀಸ್’ ಎಂಬ ಮನೆತನ ಅವರ ಬಾಯಲ್ಲಿ ‘ಮಿಂಗಿಸ್’. ಇನ್ನು ಯೋಖ್ ಇಲ್ಲದೆಯೂ ತಿರುಚಿಕೊಂಡವು ಬೇರೆ: ‘ಕಿರ್ಕ್‌ಕಡ್‌ಬ್ರೈಟ್’ ಎಂದು ಬರೆದ ಊರು ‘ಕರ್ಕೂಬ್ರಿ’, ‘ಮಿಲ್ನ್‌ಗೇವಿ’ ಎಂದು ಬರೆದದ್ದು ‘ಮಲ್ಗೈ’, ‘ಸ್ಟ್ರಾತೇವನ್’ ಎಂದು ಬರೆದದ್ದು ‘ಸ್ಟ್ರೇವನ್’. ಅಜ್ಜಿ ಹೇಳಿದ ಹೆಸರು ನಕ್ಷೆಯಲ್ಲಿ ಇಲ್ಲ ಎಂದು ನಿರ್ಧರಿಸುವ ಮುಂಚೆ ಇಂಥವನ್ನು ನೆನಪಿಸಿಕೊಳ್ಳಿ.

ಒಂದೇ ಹೆಸರು, ಮೂರು ಕಡೆ

ಹೆಸರು ಹಿಡಿದುಕೊಂಡು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ನಕ್ಷೆಗಳ ಜಾಲತಾಣಕ್ಕೆ ಹೋಗಿ. ಉಚಿತ, ನೋಂದಣಿಯ ಗೊಡವೆಯೂ ಇಲ್ಲ. ಅಲ್ಲಿ ಹುಡುಕಿದಾಗ ನಮ್ಮ ‘ಅಖ್ನಹ್ಯಾನಟ್’ ಒಂದಲ್ಲ, ಮೂರು ಕಡೆ ಕಂಡಿತು, ಕಾಗುಣಿತದಲ್ಲಿ ಚೂರುಪಾರು ವ್ಯತ್ಯಾಸದೊಂದಿಗೆ. ಒಂದು ಸ್ಪೇ ನದಿಯ ಕಣಿವೆಯಲ್ಲಿ, ಗ್ರಾಂಟೌನ್ ಎಂಬ ಪೇಟೆಯ ಹತ್ತಿರ. ಇನ್ನೊಂದು ಸ್ಕೈ ದ್ವೀಪದಲ್ಲಿ, ಪೋರ್ಟ್ರಿಯ ದಕ್ಷಿಣಕ್ಕೆ. ಮೂರನೆಯದು ರಾಸ್‌ಶೈರಿನಲ್ಲಿ, ಸ್ಟ್ರಾತ್‌ಕ್ಯಾರನ್ ಕಣಿವೆಯ ಸೀಮೆಯಲ್ಲಿ.

ಮೂರಕ್ಕೂ ಮೂಲ ಒಂದೇ. ಗೇಲಿಕ್‌ನಲ್ಲಿ ‘ಅಖಗ್’ ಎಂದರೆ ಗದ್ದೆ, ಹೊಲ; ‘ಅನ್ನಜ್’ ಎಂದರೆ ಹಳೆಯ ಮಾತೃಚರ್ಚು. ಅಂದರೆ ಚರ್ಚಿನ ಹೊಲ. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಗದ್ದೆಗೆ ಹೆಸರು ಬಿದ್ದಂತೆ. ಅರ್ಥ ಸಿಕ್ಕಿದ ಕೂಡಲೇ ಊರು ಸಿಕ್ಕಿತು ಎಂದು ಹಿಗ್ಗುವವರೇ ಹೆಚ್ಚು. ಮೂರು ಊರಿಗೂ ಒಂದೇ ಅರ್ಥವಾದರೆ ಅರ್ಥದಿಂದ ಯಾವುದನ್ನು ಆರಿಸುತ್ತೀರಿ? ಅರ್ಥ ಹೇಳುವುದು ಆ ನೆಲದ ಸುತ್ತ ಏನನ್ನು ಹುಡುಕಬೇಕು ಎಂಬುದನ್ನು: ಹಳೆಯ ಪ್ರಾರ್ಥನಾಲಯದ ಗುರುತು, ಸ್ಮಶಾನ, ಪವಿತ್ರ ಬಾವಿ. ಯಾವ ನೆಲ ಎಂಬುದನ್ನು ಹೇಳಲು ಅದರ ಕೈಯಲ್ಲಿ ಆಗುವುದಿಲ್ಲ. ಆದ್ದರಿಂದ ಅರ್ಥದ ಕೆಲಸವನ್ನು ಕೊನೆಗಿಡಿ.

ಹಾಗಾದರೆ ಯಾವುದು ಹೇಳುತ್ತದೆ? ಜಮೀನಿನ ಕ್ರಯಪತ್ರ ನೋಡಿದವರಿಗೆ ಚಕ್ಕುಬಂದಿ ಗೊತ್ತು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ತೋಟ, ಉತ್ತರಕ್ಕೆ ಸೊಪ್ಪಿನ ಬೆಟ್ಟ, ದಕ್ಷಿಣಕ್ಕೆ ಗಾಡಿದಾರಿ. ಸರ್ವೆ ನಂಬರ್ ಗೊಂದಲವಾದಾಗಲೂ ಚಕ್ಕುಬಂದಿ ಸರಿಯಿದ್ದರೆ ಜಾಗ ಸಿಗುತ್ತದೆ. ಕಾಗದದಲ್ಲಿ ನಂಬರ್ ತಪ್ಪಿದ್ದ ಎಷ್ಟೋ ತುಂಡುಗಳನ್ನು ನಾನು ನೆರೆಯವನ ತೋಟದ ಬೇಲಿ ಹಿಡಿದು ಗುರುತಿಸಿದ್ದೇನೆ. ಸ್ಕಾಟ್ಲೆಂಡಿನ ಹೊಲದ ಹೆಸರಿಗೂ ಇದೇ ಕ್ರಮ: ಒಂಟಿ ಹೆಸರನ್ನು ನಂಬಬೇಡಿ, ಅದರ ನಾಲ್ಕು ದಿಕ್ಕಿನ ಹೆಸರುಗಳನ್ನು ಕೂಡಿಸಿಕೊಳ್ಳಿ. ಜಿಲ್ಲೆ, ಪ್ಯಾರಿಷ್ (ಚರ್ಚಿನ ಸೀಮೆ), ನೆರೆಮನೆ, ಹೊಳೆ. ನಾಲ್ಕರಲ್ಲಿ ಮೂರು ಕೂಡಿದರೂ ಸಾಕು.

ಜಿಲ್ಲೆ ಮತ್ತು ಪ್ಯಾರಿಷ್

ಕೆನಡಾದ ಹಳೆಯ ಜನಗಣತಿಯಲ್ಲಿ ವಲಸೆ ಬಂದವರ ಹುಟ್ಟೂರಿನ ಕಾಲಂನಲ್ಲಿ ‘ಸ್ಕಾಟ್ಲೆಂಡ್’ ಎಂದಷ್ಟೇ ಬರೆದಿರುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಊರಿನ ಸುಳಿವು ಸಿಗುವುದು ಸಮಾಧಿಕಲ್ಲಿನಲ್ಲಿ, ಕುಟುಂಬದ ಬೈಬಲ್ಲಿನ ಖಾಲಿ ಹಾಳೆಯಲ್ಲಿ, ಸ್ಥಳೀಯ ಪತ್ರಿಕೆಯ ಮರಣವಾರ್ತೆಯಲ್ಲಿ, ಚರ್ಚಿನ ದಾಖಲೆಯಲ್ಲಿ. ನಮ್ಮ ಸೊಸೆಯ ಹಿರಿಯರು ನೆಲೆಸಿದ್ದು ಒಂಟಾರಿಯೊದ ಝೋರಾ ಎಂಬಲ್ಲಿ. ಅದು ಸದರ್ಲೆಂಡ್, ರಾಸ್ ಕಡೆಯ ಗುಡ್ಡಗಾಡಿನವರು ಗುಂಪಾಗಿ ಬಂದು ಕಾಡು ಕಡಿದು ಮಾಡಿಕೊಂಡ ನೆಲೆ. ಅಲ್ಲಿನ ಸ್ಮಶಾನದ ಕಲ್ಲಿನ ಚಿತ್ರವನ್ನು ಆಕೆಯ ತಂದೆ ಮೊಬೈಲ್‌ನಲ್ಲಿ ತೆಗೆದು ಕಳುಹಿಸಿದರು. ಪಾಚಿ ಹಿಡಿದಿದ್ದರೂ ‘ರಾಸ್‌ಶೈರ್ ಮೂಲದವರು’ ಎಂಬ ಸಾಲು ಓದಬಹುದಿತ್ತು. ಸ್ಕೈ ದ್ವೀಪ ಆಗ ಇನ್ವರ್ನೆಸ್ ಜಿಲ್ಲೆಯಲ್ಲಿತ್ತು. ಸ್ಪೇ ಕಣಿವೆಯ ಆ ಭಾಗ ಇನ್ವರ್ನೆಸ್ ಮತ್ತು ಮರಿ ಜಿಲ್ಲೆಗಳ ಗಡಿಯ ಸೀಮೆ. ಎರಡೂ ಬಿದ್ದುಹೋದವು.

ಜಿಲ್ಲೆಯ ಹೆಸರನ್ನು ನೋಡುವಾಗ ಆ ಕಾಲದ ಹೆಸರನ್ನೇ ನೋಡಬೇಕು. ಈಗಿನ ಆಂಗಸ್ ಹಳೆಯ ಕಾಗದಗಳಲ್ಲಿ ಫೋರ್‌ಫರ್‌ಶೈರ್. ಪೂರ್ವ ಲೋಥಿಯನ್ ಎಂದರೆ ಹ್ಯಾಡಿಂಗ್ಟನ್‌ಶೈರ್, ಮರಿ ಎಂದರೆ ಎಲ್ಗಿನ್‌ಶೈರ್. ಕ್ರೊಮಾರ್ಟಿ ಎಂಬ ಜಿಲ್ಲೆಯ ಕಥೆ ಇನ್ನೂ ಮಜವಾಗಿದೆ: ಅದು ರಾಸ್ ಜಿಲ್ಲೆಯೊಳಗೆ ಅಲ್ಲೊಂದು ಇಲ್ಲೊಂದು ಚೂರಾಗಿ ಹರಡಿಕೊಂಡಿತ್ತು, 1889ರ ಕಾಯ್ದೆ ಬಂದು ಎರಡನ್ನೂ ಒಂದು ಮಾಡಬೇಕಾಯಿತು. ಅದೇ ಕಾಯ್ದೆಯ ಹಿಂದೆಯೇ 1891ರ ಸುಮಾರಿಗೆ ಎಷ್ಟೋ ಪ್ಯಾರಿಷ್‌ಗಳ ಗಡಿಯೂ ಬದಲಾಯಿತು. ಹಾಗಾಗಿ 1890ರ ಮುಂಚಿನ ಕಾಗದಕ್ಕೆ 1890ರ ಮುಂಚಿನ ನಕ್ಷೆಯನ್ನೇ ಇಟ್ಟುಕೊಳ್ಳಿ.

ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಯ ಸೀಮೆ. ಇಡೀ ದೇಶದಲ್ಲಿ ಒಂಬೈನೂರರಷ್ಟಿದ್ದವು. ಹುಟ್ಟು, ಮದುವೆ, ಮರಣದ ಹಳೆಯ ಪುಸ್ತಕಗಳೆಲ್ಲ ಪ್ಯಾರಿಷ್ ಲೆಕ್ಕದಲ್ಲೇ ಇವೆ. ಪ್ಯಾರಿಷ್ ಗೊತ್ತಿಲ್ಲದೆ ಮುಂದೆ ಹೋಗಲಾಗದು. ಇಲ್ಲೂ ಜೋಡಿ ಹೆಸರುಗಳು ಕಾದಿರುತ್ತವೆ. ನಮ್ಮ ಅಖ್ನಹ್ಯಾನಟ್ ಇರುವ ಪ್ಯಾರಿಷ್ ಕಿನ್‌ಕಾರ್ಡಿನ್. ಕಿನ್‌ಕಾರ್ಡಿನ್ ಎಂಬ ಹೆಸರಿನ ಪ್ಯಾರಿಷ್ ಪರ್ತ್‌ಶೈರಿನಲ್ಲೂ ಇದೆ, ಸ್ಪೇ ಕಣಿವೆಯಲ್ಲೂ ಇದೆ, ಅಬರ್ಡೀನ್‌ಶೈರಿನಲ್ಲಿ ಕಿನ್‌ಕಾರ್ಡಿನ್ ಒನೀಲ್ ಇದೆ, ಫೋರ್ತ್ ನದಿಯ ದಂಡೆಯಲ್ಲಿ ಅದೇ ಹೆಸರಿನ ಪೇಟೆ ಇದೆ, ಸಾಲದ್ದಕ್ಕೆ ಕಿನ್‌ಕಾರ್ಡಿನ್‌ಶೈರ್ ಎಂಬ ಜಿಲ್ಲೆಯೇ ಇದೆ. ಸ್ಟ್ರಾತ್‌ಕ್ಯಾರನ್ ಕೂಡ ರಾಸ್ ಜಿಲ್ಲೆಯೊಳಗೇ ಎರಡು: ಪಶ್ಚಿಮ ಕಡಲಿನ ಕಡೆ ಲಾಖ್‌ಕ್ಯಾರನ್ ಪಕ್ಕದ್ದು ಒಂದು, ಪೂರ್ವಕ್ಕೆ ಬಾನರ್ ಬ್ರಿಜ್ ಹತ್ತಿರದ್ದು ಇನ್ನೊಂದು. ಎರಡಕ್ಕೂ ಕ್ಯಾರನ್ ಎಂಬ ಹೊಳೆ. ರೈಲು ನಿಲ್ದಾಣದ ಹೆಸರು ನೋಡಿ ಪಶ್ಚಿಮದ್ದಕ್ಕೆ ಟಿಕೆಟ್ ತೆಗೆದರೆ ಇಡೀ ದೇಶವನ್ನು ಅಡ್ಡ ದಾಟಿ ಬರಬೇಕು. ಕುಮಟಾ ತಾಲ್ಲೂಕಿನ ಬೆಟ್ಕುಳಿಯನ್ನೂ ಕಾರವಾರದ ಬೈತಖೋಲವನ್ನೂ ಇಂಗ್ಲಿಷ್ ಕಾಗದದಲ್ಲಿ ಬೇರ್ಪಡಿಸಿ ನೋಡಿದ ಅನುಭವ ಇದ್ದವರು ಇಲ್ಲಿ ಎಡವುವುದಿಲ್ಲ.

ನೆರೆಮನೆಯ ಸಾಕ್ಷಿ

ಚಕ್ಕುಬಂದಿಯಲ್ಲಿ ಅತಿ ಬೆಲೆಯುಳ್ಳದ್ದು ನೆರೆಮನೆ. ಗುಡ್ಡಗಾಡಿನ ಜನ ಒಬ್ಬೊಬ್ಬರಾಗಿ ವಲಸೆ ಹೋಗಲಿಲ್ಲ. ಕೇರಿಗೆ ಕೇರಿಯೇ ಹಡಗು ಹತ್ತಿತು. ಅಲ್ಲಿ ಹೋಗಿ ಇಳಿದ ಮೇಲೂ ಅಕ್ಕಪಕ್ಕದ ತುಂಡು ಜಮೀನು ಹಿಡಿದರು. ಸೂಪಾ ಅಣೆಕಟ್ಟೆಯ ನೀರಿಗೆ ಊರು ಹೋದವರಲ್ಲಿ ಒಂದೇ ಊರಿನವರು ಹೊಸ ಜಾಗದಲ್ಲೂ ಒಂದೇ ಸಾಲಿನಲ್ಲಿ ಮನೆ ಕಟ್ಟಿಕೊಂಡದ್ದನ್ನು ನಾನು ಅಳತೆ ಮಾಡುವಾಗ ನೋಡಿದ್ದೇನೆ. ಆದ್ದರಿಂದ ನಿಮ್ಮವರ ದಾಖಲೆಯಲ್ಲಿ ಊರಿಲ್ಲದಿದ್ದರೆ ನೆರೆಯವರ ದಾಖಲೆ ತೆಗೆಯಿರಿ. ಝೋರಾದಲ್ಲಿ ಪಕ್ಕದ ಜಮೀನಿನವನ ಸಮಾಧಿಕಲ್ಲಿನ ಮೇಲೆ ‘ಏಮಟ್’ ಎಂಬ ಊರಿನ ಹೆಸರಿತ್ತು. ಏಮಟ್ ಇರುವುದು ಪೂರ್ವದ ಸ್ಟ್ರಾತ್‌ಕ್ಯಾರನ್‌ನಲ್ಲಿ, ಅಖ್ನಹ್ಯಾನಟ್ ಇರುವ ಕಿನ್‌ಕಾರ್ಡಿನ್ ಪ್ಯಾರಿಷ್‌ನಲ್ಲೇ. ಎರಡು ಹೆಸರು ಒಂದೇ ಪ್ಯಾರಿಷ್‌ನೊಳಗೆ ಬಂದು ಕೂತ ಮೇಲೆ ಪಶ್ಚಿಮದ ಸ್ಟ್ರಾತ್‌ಕ್ಯಾರನ್ನಿನ ಅನುಮಾನವೂ ಮುಗಿಯಿತು.

ಇನ್ನು ಜನಗಣತಿ, ನಮ್ಮ ಅಜ್ಜಂದಿರ ಮಾತಿನಲ್ಲಿ ಖಾನೇಷುಮಾರಿ. ಸ್ಕಾಟ್ಲೆಂಡಿನಲ್ಲಿ ಎಲ್ಲರ ಹೆಸರೂ ಸಿಗುವ ಗಣತಿ 1841ರಿಂದ, ಹತ್ತು ವರ್ಷಕ್ಕೊಮ್ಮೆ. ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಮೂಲ ಪುಟಗಳಿವೆ. ಸೂಚಿಯಲ್ಲಿ ಹುಡುಕಲು ಹೆಚ್ಚಿನಂಶ ದುಡ್ಡು ಬೇಡ, ಪುಟ ತೆರೆಯಲು ಮಾತ್ರ ಶುಲ್ಕ. ಕಾಗುಣಿತ ಖಚಿತವಿಲ್ಲದ ಕಡೆ ನಕ್ಷತ್ರದ ಚಿಹ್ನೆ ಹಾಕಿ ಹುಡುಕಬಹುದು. 1841ರದ್ದನ್ನು ಓದುವಾಗ ಒಂದು ಎಚ್ಚರ: 15 ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಆದೇಶವಿತ್ತು. 34ರವನು 30 ಎಂದು ಕಂಡರೆ ಬೇರೆ ಮನುಷ್ಯನೆಂದು ಬಿಟ್ಟುಬಿಡಬೇಡಿ. ಹುಟ್ಟಿದ್ದು ಇದೇ ಜಿಲ್ಲೆಯಲ್ಲೋ ಅಲ್ಲವೋ ಎಂಬುದಷ್ಟೇ ಆ ವರ್ಷದ ಪ್ರಶ್ನೆ. ಹುಟ್ಟಿದ ಪ್ಯಾರಿಷ್ ಬರೆದುಕೊಳ್ಳಲು ಆರಂಭಿಸಿದ್ದು 1851ರಿಂದ.

ಆ ಪುಟವನ್ನು ತೆರೆದಾಗ ನಿಮ್ಮವರ ಸಾಲನ್ನು ಮಾತ್ರ ನೋಡಿ ಮುಚ್ಚಬೇಡಿ. ಗಣತಿದಾರ ಮನೆಯಿಂದ ಮನೆಗೆ ನಡೆದವನು. ಹೊಳೆಯ ಒಂದು ದಂಡೆ ಹಿಡಿದು ಮೇಲೆ ಹೋಗಿ ಇನ್ನೊಂದು ದಂಡೆಯಲ್ಲಿ ಇಳಿದು ಬಂದಿರುತ್ತಾನೆ. ಅವನ ಪುಸ್ತಕದ ಎಡಬದಿಯಲ್ಲಿರುವ ಹೊಲದ ಹೆಸರುಗಳನ್ನು ಅದೇ ಅನುಕ್ರಮದಲ್ಲಿ ಒಂದು ಹಾಳೆಗೆ ಇಳಿಸಿ, ನಕ್ಷೆಯ ಪಕ್ಕದಲ್ಲಿಡಿ. ಹತ್ತು ಹೆಸರು ಕೂಡಿಬಂದರೆ ಹನ್ನೊಂದನೆಯದು ನಕ್ಷೆಯಲ್ಲಿ ಇಲ್ಲದಿದ್ದರೂ ಅದು ಯಾವ ಎರಡರ ನಡುವೆ ಇತ್ತು ಎಂಬುದು ಗೊತ್ತಾಗುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ಖುಷಿ ಕೊಟ್ಟ ಭಾಗ ಇದು. ಸತ್ತು ಶತಮಾನ ಕಳೆದ ಒಬ್ಬ ಗಣತಿದಾರನ ಹಿಂದೆ ಹಿಂದೆಯೇ ಅವನ ಹೊಳೆದಂಡೆಯಲ್ಲಿ ನಡೆದಂತಾಯಿತು. ಅವನ ಅಕ್ಷರ ನಮ್ಮ ಹಳೆಯ ಶಾನುಭೋಗರ ಮೋಡಿಗಿಂತ ಎಷ್ಟೋ ಮೇಲು.

ನಮ್ಮವರು ಎಂದು ಅಂದುಕೊಂಡ ಕುಟುಂಬ 1841ರ ಪುಸ್ತಕದಲ್ಲಿ ಸಿಕ್ಕಿತು, 1851ರಲ್ಲಿ ಇರಲಿಲ್ಲ. ಆ ನಡುವೆ ಕಣಿವೆಯಲ್ಲಿ ಏನಾಯಿತೆಂದು ತಿಳಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಕುರಿ ಸಾಕಣೆಯ ಲಾಭಕ್ಕಾಗಿ ಜಮೀನುದಾರರು ಗೇಣಿದಾರರನ್ನು ಎಬ್ಬಿಸುತ್ತಿದ್ದ ಕಾಲ ಅದು. 1845ರಲ್ಲಿ ಪಕ್ಕದ ಗ್ಲೆನ್‌ಕ್ಯಾಲ್ವಿಯಿಂದ ಹೊರಹಾಕಿಸಿಕೊಂಡವರು ಕ್ರೋಯಿಕ್ ಚರ್ಚಿನ ಅಂಗಳದಲ್ಲಿ, ಸಮಾಧಿಗಳ ನಡುವೆ ಡೇರೆ ಹಾಕಿಕೊಂಡು ಉಳಿದರು. ಕಿಟಕಿಯ ಗಾಜಿನ ಮೇಲೆ ಅವರು ಗೀಚಿದ ಮಾತುಗಳು ಇವತ್ತಿಗೂ ಓದಲು ಸಿಗುತ್ತವೆ. 1854ರಲ್ಲಿ ಅದೇ ಕಣಿವೆಯ ಗ್ರೀನ್‌ಯಾರ್ಡ್ಸ್‌ನಲ್ಲಿ ನೋಟಿಸು ತಡೆಯಲು ನಿಂತ ಹೆಂಗಸರ ಮೇಲೆ ಪೊಲೀಸರು ಲಾಠಿ ಬೀಸಿದರು. ಗಾಯಗೊಂಡವರಲ್ಲಿ ರಾಸ್‌ಗಳೇ ಹೆಚ್ಚು. ಇಂಥ ಕಣಿವೆಗಳಲ್ಲಿ ಹೊಲದ ಹೆಸರು ಉಳಿದು ಹೊಲದವರು ಇಲ್ಲವಾಗುವುದು ಸಾಮಾನ್ಯ.

ಸಿಕ್ಕ ಕುಟುಂಬ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಮಕ್ಕಳ ಹೆಸರಿನ ಅನುಕ್ರಮ ನೋಡಿ. ಅಲ್ಲಿನ ಸಂಪ್ರದಾಯದಲ್ಲಿ ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಹಿರಿಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ತಂದೆಯ ತಾಯಿಯದು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವಂತೆಯೇ. ಎಲ್ಲರೂ ತಪ್ಪದೆ ಪಾಲಿಸಿದರೆಂದಲ್ಲ, ಆದರೆ ಒಂಟಾರಿಯೊದ ಪಟ್ಟಿಯೂ ಕಣಿವೆಯ ಪಟ್ಟಿಯೂ ಒಂದೇ ಸಾಲಿನಲ್ಲಿ ಬಂದರೆ ನಂಬಬಹುದು. ಇನ್ನೊಂದು ಉಪಾಯ, ವಲಸೆ ಹೋಗದೆ ಉಳಿದ ಅಣ್ಣನನ್ನೋ ತಂಗಿಯನ್ನೋ ಹುಡುಕುವುದು. ಕಡ್ಡಾಯ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು, ಮತ್ತು ಸ್ಕಾಟ್ಲೆಂಡಿನ ಮರಣಪತ್ರದಲ್ಲಿ ತಂದೆಯ ಹೆಸರಷ್ಟೇ ಅಲ್ಲ, ತಾಯಿಯ ತವರಿನ ಅಡ್ಡಹೆಸರೂ ಇರುತ್ತದೆ. ಇದಕ್ಕೂ ಹಿಂದಿನದು ಬೇಕಾದರೆ ಪ್ಯಾರಿಷ್ ಪುಸ್ತಕಗಳೇ ಗತಿ, ಗುಡ್ಡಗಾಡಿನಲ್ಲಿ ಅವು ಹರಿದು ಹನ್ನೆರಡು. 1843ರಲ್ಲಿ ಚರ್ಚು ಒಡೆದು ಉತ್ತರದವರು ದೊಡ್ಡ ಸಂಖ್ಯೆಯಲ್ಲಿ ಫ್ರೀ ಚರ್ಚ್ ಸೇರಿದ್ದರಿಂದ, ಆ ವರ್ಷದ ನಂತರದ ಮಗುವಿನ ಹೆಸರು ಹಳೆಯ ಪುಸ್ತಕದಲ್ಲಿ ಇಲ್ಲದಿದ್ದರೆ ಹೊಸ ಚರ್ಚಿನದನ್ನು ನೋಡಬೇಕು.

ನಕ್ಷೆಯ ಮುಂದೆ ಕೂರುವುದು

ನಕ್ಷೆಗಳಲ್ಲಿ ನನ್ನ ಮೆಚ್ಚಿನದು ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಮೊದಲ ಆವೃತ್ತಿ, ಮೈಲಿಗೆ ಆರು ಇಂಚಿನದು. ಸ್ಕಾಟ್ಲೆಂಡಿನಲ್ಲಿ ಇದು ಮುಗಿದದ್ದು 1882ರ ಹೊತ್ತಿಗೆ. ಒಂದೊಂದು ಕಟ್ಟಡವನ್ನೂ ತೋರಿಸಿದ್ದಾರೆ. ಹತ್ತಿರದಿಂದ ನೋಡಿ: ಕೆಲವು ಚೌಕಗಳ ಒಳಗೆ ಗೆರೆ ತುಂಬಿರುತ್ತದೆ, ಕೆಲವು ಬರೀ ಹೊರಗೆರೆ. ತುಂಬಿದ್ದು ಮಾಡು ಇರುವ ಮನೆ, ಖಾಲಿ ಇದ್ದದ್ದು ಮಾಡು ಹೋಗಿ ಗೋಡೆ ಮಾತ್ರ ಉಳಿದದ್ದು. ಒಂದು ಹೆಸರಿನ ಸುತ್ತ ಖಾಲಿ ಚೌಕಗಳೇ ಇದ್ದರೆ ಅಳತೆಯವರು ಬರುವ ಮುಂಚೆಯೇ ಜನ ಹೊರಟುಹೋಗಿದ್ದರು ಎಂದು ತಿಳಿಯಬೇಕು. ಗ್ರಂಥಾಲಯದ ಜಾಲತಾಣದಲ್ಲಿ ಈ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಒಂದು ಗುಂಡಿ ಸರಿಸುತ್ತ ಹಳತನ್ನು ಮಸುಕು ಮಾಡುತ್ತ ಹೋಗಬಹುದು. ಖಾಲಿ ಚೌಕ ಇದ್ದಲ್ಲಿ ಹುಲ್ಲಿನ ನಡುವೆ ಕಲ್ಲಿನ ಸಾಲು ಕಾಣಿಸುತ್ತದೆಯೇ ನೋಡಿ.

ಈ ನಕ್ಷೆಯ ಜೊತೆಗೆ ಅಳತೆಯವರು ಬರೆದಿಟ್ಟ ಹೆಸರಿನ ಪುಸ್ತಕಗಳಿವೆ. ನಮ್ಮ ಟಿಪ್ಪಣಿ ಪುಸ್ತಕದ ಅಣ್ಣ ಎನ್ನಿ. ಒಂದು ಕಾಲಂನಲ್ಲಿ ಅಂಗೀಕರಿಸಿದ ಹೆಸರು, ಪಕ್ಕದಲ್ಲಿ ಬೇರೆ ಬೇರೆ ಕಾಗುಣಿತಗಳು, ಅದರ ಪಕ್ಕ ಅದನ್ನು ಹೇಳಿದವರ ಹೆಸರು, ಕೊನೆಗೆ ‘ಹೆಂಚಿನ ಮನೆ, ಇಂಥವರ ಜಮೀನು’ ಎಂಬ ರೀತಿಯ ಎರಡು ಸಾಲಿನ ವಿವರ. ಸ್ಕ್ಯಾನ್ ಆಗಿ ಆನ್‌ಲೈನ್‌ನಲ್ಲಿ ಓದಲು ಸಿಗುತ್ತವೆ. ಇಲ್ಲಿ ಹೇಳಿದವರು ಯಾರು ಎಂಬುದನ್ನು ಗಮನಿಸಿ. ಜಮೀನುದಾರ, ಪಾದ್ರಿ, ಶಾಲಾ ಮಾಸ್ತರ ಇವರ ಮಾತಿಗೆ ಹೆಚ್ಚು ತೂಕ, ಗೇಣಿಯವನ ಮಾತಿಗೆ ಕಡಿಮೆ. ಗೇಲಿಕ್ ಬಾರದ ಅಳತೆಯವರು, ಊರಿನಲ್ಲಿ ಉಳಿಯದ ಯಜಮಾನರು ಸೇರಿ ಗಟ್ಟಿ ಮಾಡಿದ ಕಾಗುಣಿತ ಮುಂದೆ ಅಧಿಕೃತವಾಯಿತು. ನನ್ನ ವೃತ್ತಿಯ ಬಗ್ಗೆ ಹೆಮ್ಮೆ ಇದ್ದರೂ ಹೇಳುತ್ತೇನೆ: ಅಧಿಕೃತ ಹೆಸರಿಗಿಂತ ಪಕ್ಕದ ಕಾಲಂನ ತಿರಸ್ಕೃತ ಕಾಗುಣಿತವೇ ಎಷ್ಟೋ ಸಲ ಅಜ್ಜಿಯ ಉಚ್ಚಾರಕ್ಕೆ ಹತ್ತಿರ.

ಅದಕ್ಕೂ ಹಿಂದೆ ಹೋಗಲು ವಿಲಿಯಂ ರಾಯ್ 1747ರಿಂದ 1755ರವರೆಗೆ ಮಾಡಿಸಿದ ಸೈನ್ಯದ ನಕ್ಷೆ ಇದೆ. ಕೇರಿಗಳು ಕೆಂಪು ಚುಕ್ಕೆಗಳು, ಉಳುವ ಭೂಮಿ ಗೆರೆಗೆರೆ. ಹೆಸರುಗಳು ಮಾತ್ರ ಸೈನಿಕರ ಕಿವಿಗೆ ಬಿದ್ದಂತೆ. 1654ರಲ್ಲಿ ಡಚ್ ನಕ್ಷೆಗಾರ ಬ್ಲಾವು ಅಚ್ಚು ಹಾಕಿಸಿದ ನಕಾಶೆ ಪುಸ್ತಕವೂ ಸಿಗುತ್ತದೆ. ದೊಡ್ಡ ಹೆಸರುಗಳಿಗೆ ಸರಿ, ಸಣ್ಣ ಹೊಲಕ್ಕೆ ಅದನ್ನು ನಂಬಿ ಕೂರಬೇಡಿ. ಆ ಸೀಮೆಯ ಬದುಕು ಹೇಗಿತ್ತೆಂದು ತಿಳಿಯಲು ಪಾದ್ರಿಗಳು ಪ್ಯಾರಿಷ್ ಪ್ಯಾರಿಷ್ ಬರೆದುಕೊಟ್ಟ ಎರಡು ವಿವರಣೆಗಳಿವೆ, ಒಂದು 1791ರಿಂದ 1799ರದ್ದು, ಇನ್ನೊಂದು 1834ರಿಂದ 1845ರದ್ದು. ಜಮೀನುದಾರ ಯಾರೆಂಬುದು ಇವುಗಳಲ್ಲಿ ಸಿಕ್ಕರೆ ಅವನ ಮನೆತನದ ಗೇಣಿ ಲೆಕ್ಕದ ಪುಸ್ತಕಗಳನ್ನು ಹುಡುಕಬಹುದು. 1855ರ ನಂತರವಾದರೆ ವರ್ಷಾವರಿ ಮೌಲ್ಯಮಾಪನ ಪಟ್ಟಿಯಲ್ಲಿ ಮಾಲೀಕ, ಗೇಣಿದಾರ, ವಾಸವಿದ್ದವ ಮೂವರ ಹೆಸರೂ ಇದೆ. ನಮ್ಮ ಪಹಣಿಯಷ್ಟೇ ಕೆಲಸಕ್ಕೆ ಬರುತ್ತದೆ.

ಒಡೆದ ಹೆಸರುಗಳ ಬಗ್ಗೆ ಒಂದು ಮಾತು. ಹೊನ್ನಾವರ ತಾಲ್ಲೂಕಿನಲ್ಲಿ ಮೇಲಿನ ಇಡಗುಂಜಿ, ಕೆಳಗಿನ ಇಡಗುಂಜಿ ಇರುವಂತೆ ಅಲ್ಲಿ ಒಂದು ಹೊಲ ಪಾಲಾದಾಗ ಹೆಸರಿನ ಮುಂದೆ ‘ಓವರ್’, ‘ನೆದರ್’, ‘ಈಸ್ಟರ್’, ‘ವೆಸ್ಟರ್’ ಸೇರುತ್ತದೆ. ಈಸ್ಟರ್ ಎಂದರೆ ಹಬ್ಬವಲ್ಲ, ಮೂಡಲ ದಿಕ್ಕು. ‘ಮೇನ್ಸ್’ ಎಂದಿದ್ದರೆ ಜಮೀನುದಾರನ ಮುಖ್ಯ ಸಾಗುವಳಿಯ ಮನೆ, ‘ಕರ್ಕ್‌ಟನ್’ ಚರ್ಚಿನ ಕೇರಿ, ‘ಮಿಲ್ಟನ್’ ಗಿರಣಿಯ ಕೇರಿ. ಇವು ದೇಶದ ತುಂಬ ಇವೆ. ಮಿಲ್ಟನ್ ಎಂಬ ಒಂದೇ ಸುಳಿವು ಹಿಡಿದು ಹೊರಟರೆ ಆಯುಷ್ಯ ಸಾಲದು, ಯಾವುದರ ಮಿಲ್ಟನ್ ಎಂಬುದು ಬೇಕೇ ಬೇಕು.

ಹೆಸರಿನ ತುದಿಮೊದಲು ನೋಡಿ ಸೀಮೆಯನ್ನು ಅಂದಾಜು ಮಾಡುವುದೂ ಸಾಧ್ಯ. ‘ಬಲ್’ ಎಂದು ಆರಂಭವಾದರೆ ಗೇಲಿಕ್‌ನ ಊರು. ‘ಪಿಟ್’ ಎಂದಿದ್ದರೆ ಪಿಕ್ಟರು ಎಂಬ ಪುರಾತನ ಜನರ ಪಾಲಿನ ಭೂಮಿ, ಅದು ಬಹುಪಾಲು ಪೂರ್ವಭಾಗದಲ್ಲೇ ಸಿಗುವುದು. ಹೊಳೆ ಕಡಲು ಸೇರುವ ಅಳಿವೆಗೆ ಗೇಲಿಕ್‌ನಲ್ಲಿ ‘ಇನ್ವರ್’, ಪಿಕ್ಟರ ಕಡೆ ‘ಅಬರ್’. ‘ಬೋಸ್ಟ್’, ‘ಬಿಸ್ಟರ್’ ಎಂದು ಮುಗಿದರೆ ಸ್ಕ್ಯಾಂಡಿನೇವಿಯಾದಿಂದ ಬಂದ ನಾರ್ಸ್ ಜನರ ಹೊಲ. ಸ್ಕೈ, ಲೂಯಿಸ್, ಆರ್ಕ್ನಿ ಕಡೆ ನೋಡಿ. ‘ಡ್ರಮ್’ ಎಂದರೆ ದಿಣ್ಣೆ, ‘ನಾಕ್’ ಎಂದರೆ ಗುಡ್ಡ, ‘ಕಿಲ್’ ಎಂದರೆ ಬಹುಮಟ್ಟಿಗೆ ಚರ್ಚು. ಬಹುಮಟ್ಟಿಗೆ ಎಂದೆ, ಏಕೆಂದರೆ ಕಾಡು ಎಂಬರ್ಥದ ಗೇಲಿಕ್ ಪದವೂ ಇಂಗ್ಲಿಷಿನಲ್ಲಿ ಕೆಲವೊಮ್ಮೆ ‘ಕಿಲ್’ ಆಗಿ ಕೂತಿದೆ. ನಕ್ಷೆಯ ಎತ್ತರದ ಗೆರೆ ನೋಡದೆ ಅರ್ಥ ಹೇಳುವವರನ್ನು ನಂಬಬೇಡಿ.

ನಮ್ಮ ಜಿಲ್ಲೆಯಲ್ಲೇ ಕೆಲಸ ಮಾಡಿ ಸತ್ತ ಸ್ಕಾಟರ ವಂಶದವರು ಯಾರಾದರೂ ಹುಡುಕುತ್ತಿದ್ದರೆ ಅವರಿಗೆ ಒಂದೇ ಸೂಚನೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್‌ನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಅದಕ್ಕೆ ಮುಂಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಯ ವರದಿ ಮದ್ರಾಸ್ ಕಂತೆಯಲ್ಲಿ, ನಂತರದ್ದು ಮುಂಬೈ ಕಂತೆಯಲ್ಲಿ. ಎರಡೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮುಂಬೈ ಸೂಚಿಯಲ್ಲಿ 1850ರ ಕಾರವಾರವನ್ನು ಹುಡುಕಿ ‘ಇಲ್ಲ’ ಎಂದು ಕೈಬಿಟ್ಟವರು ಇದ್ದಾರೆ.

ಹೋಗಿ ನೋಡುವುದಾದರೆ

ಡಿಎನ್‌ಎ ಪರೀಕ್ಷೆಗೆ ಸುರಿಯುವ ಹಣವನ್ನು ರೈಲಿಗೆ ಹಾಕಿ ಎಂಬುದು ನನ್ನ ಸಲಹೆ. ಆ ಪರೀಕ್ಷೆ ನೆಂಟರನ್ನು ತೋರಿಸುತ್ತದೆ, ಹೊಲವನ್ನಲ್ಲ. ಪೂರ್ವದ ಸ್ಟ್ರಾತ್‌ಕ್ಯಾರನ್ನಿಗೆ ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಆರ್ಡ್‌ಗೇ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಕ್ರೋಯಿಕ್ ಚರ್ಚು ಕಣಿವೆಯ ಒಳಗೆ ಸುಮಾರು 16 ಕಿಲೋಮೀಟರ್. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೂ ಅಲ್ಲಿ ಖಾಸಗಿ ಗುಡ್ಡಬಯಲಿನಲ್ಲಿ ನಡೆಯಬಹುದು. ಆದರೆ ಮನೆಯ ಅಂಗಳ, ಬೆಳೆ ನಿಂತ ಗದ್ದೆ ಇದಕ್ಕೆ ಸೇರಿಲ್ಲ. ಈಗ ಅಲ್ಲಿರುವ ಮನೆಯವರಿಗೆ ಮೊದಲೇ ಒಂದು ಪತ್ರ ಬರೆಯುವುದು ಒಳ್ಳೆಯದು. ನಮ್ಮ ಹಳ್ಳಿಯಲ್ಲೂ ಹೇಳದೆ ಕೇಳದೆ ತೋಟಕ್ಕೆ ನುಗ್ಗಿದವನಿಗೆ ಆಸರಿ ಸಿಗುವುದಿಲ್ಲ.

ಬೇಸಿಗೆ ರಜೆ ಎಂದು ಜುಲೈ, ಆಗಸ್ಟ್‌ನಲ್ಲಿ ಹೋಗಬೇಡಿ. ಆಗ ಸೊಂಟದೆತ್ತರ ಬೆಳೆದ ಬ್ರ್ಯಾಕನ್ ಎಂಬ ಜರೀಗಿಡ ಬಿದ್ದ ಗೋಡೆಗಳನ್ನೆಲ್ಲ ಮುಚ್ಚಿರುತ್ತದೆ, ಜೊತೆಗೆ ‘ಮಿಜ್’ ಎಂಬ ಸಣ್ಣ ನೊಣಗಳ ಕಾಟ. ಏಪ್ರಿಲ್‌ನಲ್ಲಿ ಹಳೆಯ ಜರಿ ನೆಲಕ್ಕೆ ಒರಗಿ ಹೊಸದು ಇನ್ನೂ ಎದ್ದಿರುವುದಿಲ್ಲ. ಬೆಳಗ್ಗೆ ಅಥವಾ ಸಂಜೆಯ ಇಳಿಬಿಸಿಲಿನಲ್ಲಿ ಗೇಣೆತ್ತರದ ಅಡಿಪಾಯವೂ ನೆರಳು ಚಾಚಿ ಕಾಣಿಸಿಕೊಳ್ಳುತ್ತದೆ. ಆರು ಇಂಚಿನ ಹಾಳೆಯನ್ನೂ ಇಂದಿನ ನಕ್ಷೆಯನ್ನೂ ಒಂದೇ ಪ್ರಮಾಣದಲ್ಲಿ ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ, ಕಣಿವೆಯೊಳಗೆ ಮೊಬೈಲ್ ಸಂಕೇತವನ್ನು ನೆಚ್ಚಿಕೊಳ್ಳಬೇಡಿ. ಏಪ್ರಿಲ್ ಅಲ್ಲಿ ಕುರಿಗಳು ಮರಿ ಹಾಕುವ ತಿಂಗಳು ಕೂಡ. ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ, ನೀವು ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ.